ಮೀನು ತೋರಿಸುವ ಶಾಸ್ತ್ರ

ನಾಳೆ ಹೆಣ್ಣಿನ ಕಡೆಯವರು ಬರುತ್ತಾರೆ ಎನ್ನುವಾಗ, ಇವತ್ತು ಮಧ್ಯಾಹ್ನ ಕೆಂಚನ ಬಲಗೈ ಹೆಬ್ಬೆರಳಿಗೆ ಅವನ ಕುಲದೇವರು ಚುಚ್ಚಿತು.

ಚುಚ್ಚಿತು ಎಂದರೆ ಜಾಲಿಮುಳ್ಳು ತಾಕಿದ ಹಾಗಲ್ಲ. ಆ ಮೀನಿನ ಕಿವಿರಿನ ಹಿಂದೆ ಎರಡೂ ಕಡೆ ಒಂದೊಂದು ರೆಕ್ಕೆ, ರೆಕ್ಕೆಯ ಅಂಚಿನಲ್ಲಿ ಒಂದೊಂದು ಮುಳ್ಳು. ಮೀನು ತೆಪ್ಪಗಿದ್ದಾಗ ಮುಳ್ಳು ಮೈಗೆ ಅಂಟಿಕೊಂಡಿರುತ್ತದೆ; ಯಾರಾದರೂ ಹಿಡಿದರೋ, ಅಡ್ಡಕ್ಕೆ ಸೆಟೆದು ನಿಲ್ಲುತ್ತದೆ. ನೋವು ಹೆಬ್ಬೆರಳಿನಿಂದ ಮೊಣಕೈಗೆ, ಮೊಣಕೈಯಿಂದ ಕಂಕುಳಿಗೆ ಹತ್ತಿ ಅಲ್ಲೇ ಕೂತುಬಿಟ್ಟಿತು. ಹೊಳೆ ಪಕ್ಕದ ಕೆಸರುಗುಂಡಿಯಲ್ಲಿ ಸೊಂಟಮಟ್ಟ ನಿಂತಿದ್ದ ಕೆಂಚನಿಗೆ ಕಣ್ಣು ಕತ್ತಲೆ ಬಂತು. ಬೇರೆ ಮೀನಾಗಿದ್ದರೆ ಅದರ ಅಪ್ಪ, ಅವ್ವ, ಅಜ್ಜಿ ಎಲ್ಲರನ್ನೂ ಸೇರಿಸಿ ಬೈದು ಹಗುರಾಗುತ್ತಿದ್ದ. ಇದು ದೇವರು. "ತಪ್ಪಾಯ್ತು ನಮ್ಮಪ್ಪಾ" ಎಂದು ಅದನ್ನೇ ಕಣ್ಣಿಗೊತ್ತಿಕೊಂಡು, ಎಡಗೈಯಲ್ಲಿ ಮಡಕೆಗೆ ಬಿಟ್ಟು, ಬಾಯಿಗೆ ಒದ್ದೆ ಬಟ್ಟೆ ಕಟ್ಟಿದ.

ಮನೆ ಮುಟ್ಟುವಷ್ಟರಲ್ಲಿ ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಅವನ ದೊಡ್ಡಪ್ಪ ಕೆಂಪಯ್ಯ ಅದನ್ನು ನೋಡಿ ಬಹಳ ಸಂತೋಷಪಟ್ಟ.

"ಆಸೀರ್ವಾದ ಕಣ್ಲಾ ಅದು. ಎಲ್ಲಾರ್ಗೂ ಸಿಕ್ಕಾಕಿಲ್ಲ."

"ಆಸೀರ್ವಾದ ಆದ್ರೆ ಬಿಸಿ ಬೂದಿ ಯಾಕೆ ಕಟ್ಟು ಅಂದೆ? ಅಂಗೇ ಬುಡಾನ" ಎಂದಳು ಕೆಂಚನ ತಾಯಿ ಜವರಮ್ಮ. ಬೂದಿ ಗಂಟು ಕಟ್ಟುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಬೀಚನಹಳ್ಳಿಯಲ್ಲಿ ಕಬಿನಿ ಹೊಳೆಗೆ ಅಣೆಕಟ್ಟೆ ಏಳುತ್ತಿದ್ದ ಕಾಲ ಅದು. ಹಂಪಾಪುರದ ಆಚೆ ಹೊಳೆದಂಡೆಯ ಕೇರಿಯಲ್ಲಿ ಕೆಂಚನ ಜನ ಬಲೆ ಹಾಕಿ, ಹಿಡಿದದ್ದನ್ನು ಅಣೆಕಟ್ಟೆಯ ಕೂಲಿಯವರಿಗೆ ಮಾರಿ ಬದುಕುತ್ತಿದ್ದರು. ಅವರಲ್ಲಿ ಪ್ರತಿ ಮನೆತನಕ್ಕೂ ಒಂದು ಬೆಡಗು. ಪ್ರತಿ ಬೆಡಗಿಗೂ ಒಂದು ಜೀವ. ಆಮೆ ಬೆಡಗಿನವರು ಆಮೆ ಮುಟ್ಟುವಂತಿಲ್ಲ, ಉಡದ ಬೆಡಗಿನವರು ಉಡ ತಿನ್ನುವಂತಿಲ್ಲ. ಕೆಂಚನ ಮನೆತನಕ್ಕೆ ಮುರುಗೋಡು ಮೀನು. ಆಮೆಯವರು ಮುರುಗೋಡನ್ನೂ ಮುರುಗೋಡಿನವರು ಆಮೆಯನ್ನೂ ಧಾರಾಳವಾಗಿ ತಿನ್ನುತ್ತಿದ್ದರು. ಒಬ್ಬರ ದೇವರು ಇನ್ನೊಬ್ಬರ ಮನೆಯ ಸಾರು, ಅದಕ್ಕೆ ಯಾರೂ ಮನಸ್ತಾಪ ಮಾಡಿಕೊಂಡವರಿಲ್ಲ. ಆದರೆ ಒಂದೇ ಬೆಡಗಿನ ಗಂಡು ಹೆಣ್ಣು ಅಣ್ಣತಂಗಿ. ಅವರು ಒಬ್ಬರ ಮುಖ ಒಬ್ಬರು ನೋಡದೆ ಹುಟ್ಟಿ ಬೆಳೆದಿದ್ದರೂ ಅಣ್ಣತಂಗಿಯೇ. ಅಲ್ಲಿ ಮದುವೆಯ ಮಾತೆತ್ತಿದರೆ ಕೇರಿ ಬಿಡಬೇಕಾಗುತ್ತಿತ್ತು.

ಕೆಂಚನಿಗೆ ಮೂವತ್ತು ದಾಟಿದರೂ ಹೆಣ್ಣು ಸಿಕ್ಕಿರಲಿಲ್ಲ. ಪಿರಿಯಾಪಟ್ಟಣದ ಕಡೆ ಒಂದು ಸಂಬಂಧ ಗಟ್ಟಿಯಾಗಿ, ಕೋಳಿಸಾರಿನ ಊಟ ಮುಗಿದು, ಎಲೆಯಡಿಕೆ ಬಾಯಿಗೆ ಹೋದ ಮೇಲೆ ಅವರೂ ಮುರುಗೋಡು ಬೆಡಗಿನವರೆಂದು ಗೊತ್ತಾಯಿತು. ಮೊದಲೇ ಕೇಳಬಹುದಿತ್ತಲ್ಲ ಎಂದರೆ, ಬೆಡಗನ್ನು ಊಟವಾದ ಮೇಲೆ ಕೇಳುವುದು ಕೆಂಪಯ್ಯನ ಪದ್ಧತಿ. ಹುಣಸೂರಿನ ಕಡೆ ಒಬ್ಬಳನ್ನು ನೋಡಿದರೆ ಅವಳಿಗೆ ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನಲ್ಲಿ ಕೆಲಸವಿರುವ ಗಂಡು ಬೇಕಾಗಿತ್ತು. ಕೆಂಚ ಬೇಸರ ತೋರಿಸುವವನಲ್ಲ. ಬಲೆ ಹೊಲಿಯುತ್ತಾ ಕೂತುಬಿಡುತ್ತಿದ್ದ. ಹರಿಯದ ಬಲೆಯನ್ನೂ ಹೊಲಿಯುತ್ತಿದ್ದ ಎಂದು ಜವರಮ್ಮ ಅಳುತ್ತಿದ್ದಳು.

ಆಮೇಲೆ ಚುಂಚನಕಟ್ಟೆ ಕಡೆಯ ರಂಗಿ ಸಿಕ್ಕಿದಳು. ತಂದೆ ಇಲ್ಲದ ಹುಡುಗಿ. ಚಿಕ್ಕಪ್ಪ ಚಲುವಯ್ಯನೇ ಯಜಮಾನ. ಹೆಣ್ಣು ನೋಡಲು ಹೋದ ದಿನ ಅವಳು ಬಾಗಿಲಿಗೆ ಒರಗಿ ನಿಂತು, ಯಾರ ಅಪ್ಪಣೆಯನ್ನೂ ಕಾಯದೆ, "ನಿಮ್ಮ ಒಳೇಲಿ ಬಾಳೆಮೀನು ಎಷ್ಟುದ್ದ ಬತ್ತದೆ?" ಎಂದು ಕೆಂಚನನ್ನೇ ಕೇಳಿದಳು.

"ನಾನ್ ಇಡ್ದಿರೋದು ಮೊಣಕೈ ಉದ್ದ."

"ಮೊದ್ಲು ಬಂದಿದ್ದೋನು ಆಳುದ್ದ ಅಂದ" ಎಂದು ಹೇಳಿ ಒಳಗೆ ಹೋದಳು. ಒಳಗಿನಿಂದಲೇ ಒಪ್ಪಿಗೆ ಬಂತು. ಕೆಂಚನಿಗೆ ಮುಂದಿದ್ದ ಮುದ್ದೆಯನ್ನು ಹೇಗೆ ಮುರಿಯಬೇಕೆಂದೇ ಮರೆತುಹೋಯಿತು. ಬರುವಾಗ ಎಡತೊರೆ ಬಸ್ಸಿನ ಕಂಡಕ್ಟರನನ್ನು ನೋಡಿಯೂ ನಕ್ಕ. ಇವಳಲ್ಲದಿದ್ದರೆ ಇನ್ನು ಯಾರೂ ಬೇಡ ಎಂದು ಆ ಬಸ್ಸಿನಲ್ಲೇ ತೀರ್ಮಾನ ಮಾಡಿಕೊಂಡ. ಬೆಡಗನ್ನೂ ಕೇಳಿಯಾಗಿತ್ತು: ಊಟವಾದ ಮೇಲೆ. ಅವರದು ಚೇಳುಮೀನಿನ ಬೆಡಗು, ಇವರದು ಮುರುಗೋಡು. ಯಾವ ಅಡ್ಡಿಯೂ ಇರಲಿಲ್ಲ.

ಕೆಂಪಯ್ಯನದು ಮಾತ್ರ ಒಂದು ದೂರು. "ಆ ಮನೆ ಇತ್ಲಲ್ಲಿ ಮಂಕರಿ ತುಂಬ ಕೆಸರುಮೀನು ಇತ್ತು ಕಣ್ಲಾ. ಕಣ್ಣಾರೆ ಕಂಡೆ. ನಮ್ಗೆ ಬಡಿಸ್ನಿಲ್ಲ. ನಾವ್ ಓಯ್ತಿದ್ದಂಗೆ ಮ್ಯಾಲೆ ಗೋಣಿ ಮುಚ್ಬುಟ್ರು. ಜುಗ್ಗರು."

ಕೆಸರುಮೀನು ಎಂದರೆ ಕೆಂಪಯ್ಯನಿಗೆ ಪ್ರಾಣ. ಅದರ ಸಾರಿಲ್ಲದಿದ್ದರೆ ಅವನಿಗೆ ಮುದ್ದೆ ಇಳಿಯುತ್ತಿರಲಿಲ್ಲ. ಅವನ ಹೆಂಡತಿ ಚಾಮುಂಡಮ್ಮ ಇದ್ದಾಗ ಮೆಣಸು, ಹುಣಸೆಹಣ್ಣು ಹಾಕಿ ಅದನ್ನು ಮಾಡಿದರೆ ಪಕ್ಕದ ಮನೆಯವರು ಬೆಂಕಿ ಕೇಳುವ ನೆಪದಲ್ಲಿ ಬಂದು ನಿಲ್ಲುತ್ತಿದ್ದರು. ಆ ದಂಪತಿಗೆ ಮಕ್ಕಳಾಗಲಿಲ್ಲ. ಅಪ್ಪ ಸತ್ತ ಕೆಂಚನನ್ನು ಸೊಂಟದ ಮೇಲಿಂದ ಇಳಿಸದೆ ಸಾಕಿದವಳು ಚಾಮುಂಡಮ್ಮ. ಅವಳು ತೀರಿಕೊಂಡ ಮೇಲೆ ಆ ಸಾರನ್ನು ಜವರಮ್ಮ ಮಾಡುತ್ತಿದ್ದಳು. ಕೆಂಪಯ್ಯ ತಿನ್ನುತ್ತಿದ್ದ, ಆದರೆ ಹೊಗಳುತ್ತಿರಲಿಲ್ಲ.

ಇನ್ನು ಶಾಸ್ತ್ರದ ವಿಷಯ. ವೀಳ್ಯ ಬದಲಾಯಿಸುವ ಮುಂಚೆ, ಬರುವ ಸೊಸೆಗೆ ಗಂಡಿನ ಮನೆಯ ಕುಲದ ಜೀವವನ್ನು ಜೀವಂತವಾಗಿ ತೋರಿಸಬೇಕು. ಬೇರೆ ಮನೆಯ ಮಗಳು, ಅವಳಿಗೆ ಹೇಗೆ ಗೊತ್ತಾಗಬೇಕು? ತಿಳಿಯದೆ ಕುಯ್ದು ಒಲೆಗಿಟ್ಟರೆ ಮನೆತನವೇ ಕೆಟ್ಟಂತೆ. ಅದಕ್ಕೇ ಹಿರಿಯನು ತೋರಿಸಿ, "ಇದು ನಮ್ದು. ಕುಯ್ಯಂಗಿಲ್ಲ, ಬೇಯ್ಸಂಗಿಲ್ಲ, ತಿನ್ನಂಗಿಲ್ಲ" ಎನ್ನಬೇಕು, ಹೆಣ್ಣು ನೋಡಿ "ಕಂಡೆ" ಎನ್ನಬೇಕು. ಆ ಒಂದು ಮಾತು ಅವಳ ಬಾಯಿಂದ ಬಂದರೆ ಅರ್ಧ ಮದುವೆ ಆದಂತೆಯೇ.

ಮಾರನೆಯ ದಿನ ಚಲುವಯ್ಯ, ರಂಗಿ ಮತ್ತು ಅವರ ಕೇರಿಯ ನಾಲ್ಕಾರು ಜನ ಹುಣಸೂರಿನಲ್ಲಿ ಬಸ್ಸು ಬದಲಾಯಿಸಿ, ಕೋಟೆ ಪಟ್ಟಣದ ಮೇಲೆ ಹಾದು ಬಂದಿಳಿದರು. ಕಾಲಿಗೆ ನೀರು ಕೊಟ್ಟು, ಪಾನಕ ಕೊಟ್ಟು, ಅಂಗಳದಲ್ಲಿ ಚಾಪೆ ಹಾಸಿಯಾಯಿತು. ಕೆಂಚ ಊದಿದ ಕೈಯನ್ನು ಟವಲಿನೊಳಗೆ ಮುಚ್ಚಿಕೊಂಡು ಕಂಬದ ಪಕ್ಕ ನಿಂತ. ರಂಗಿ ಒಮ್ಮೆ ಟವಲು ನೋಡಿದಳು, ಒಮ್ಮೆ ಅವನನ್ನು ನೋಡಿದಳು. ಅಷ್ಟಕ್ಕೇ ಅವನ ನೋವು ಅರ್ಧ ಇಳಿಯಿತು.

ಕೆಂಪಯ್ಯ ಮಡಕೆಯನ್ನು ನಡುವೆ ಇಟ್ಟು, ಬಟ್ಟೆ ಬಿಚ್ಚಿ, ಗಂಟಲು ಸರಿಮಾಡಿಕೊಂಡ. "ನೋಡವ್ವ. ಇದು ನಮ್ದು. ಕುಯ್ಯಂಗಿಲ್ಲ, ಬೇಯ್ಸಂಗಿಲ್ಲ, ತಿನ್ನಂಗಿಲ್ಲ."

ರಂಗಿ ಬಗ್ಗಿ ನೋಡಿದಳು. "ಕಂಡೆ" ಎನ್ನಲಿಲ್ಲ. ಅವಳ ಮುಖ ಬಿಳಿಚಿಕೊಂಡಿತು. ಎರಡು ಹೆಜ್ಜೆ ಹಿಂದೆ ಸರಿದು ಕೆನ್ನೆ ಬಡಿದುಕೊಂಡಳು. ಇದೇನೆಂದು ಚಲುವಯ್ಯನೂ ಬಗ್ಗಿದ. ಬಗ್ಗಿದವನು ಹೆಗಲ ಮೇಲಿನ ವಸ್ತ್ರ ತೆಗೆದು ಸೊಂಟಕ್ಕೆ ಸುತ್ತಿ, ಮಡಕೆಯ ಮುಂದೆ ಅಡ್ಡಬಿದ್ದ. ಜೊತೆಗೆ ಬಂದವರೂ ಒಬ್ಬೊಬ್ಬರಾಗಿ ಅಡ್ಡಬಿದ್ದರು.

ಕೆಂಪಯ್ಯನ ಎದೆ ಉಬ್ಬಿತು. ಬೀಗರೆಂದರೆ ಇವರಪ್ಪಾ, ಗಂಡಿನ ಮನೆಯ ದೇವರಿಗೆ ಇಷ್ಟು ಭಕ್ತಿ ತೋರಿಸುವವರನ್ನು ನಾನು ಕಂಡಿಲ್ಲ ಎಂದು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಚಲುವಯ್ಯ ಎದ್ದು ಮಂಡಿಯ ಮಣ್ಣು ಕೊಡವಿಕೊಂಡ.

"ಬೀಗರೆ, ನಮ್ಮ ದ್ಯಾವ್ರನ್ನ ನೀವು ಯಾಕೆ ಮಡಕೇಲಿ ಕೂಡಾಕಿದ್ದೀರಿ?"

"ನಿಮ್ಮ ದ್ಯಾವ್ರಾ? ಇದು ನಮ್ದು ಕಣ್ರೀ. ಮುರುಗೋಡು."

"ಮುರುಗೋಡು ಅಲ್ಲ ಇದು. ಚೇಳುಮೀನು."

ಮಡಕೆಯಲ್ಲಿದ್ದ ಮೀನು ಮೇಲೆ ಬಂದು ಗುಳಕ್ಕೆಂದು ಗಾಳಿ ಕುಡಿದು ಕೆಳಗೆ ಹೋಯಿತು. ಎರಡು ಮನೆಗೆ ಒಂದೇ ಮೀನು ದೇವರಾದರೆ ಎರಡು ಮನೆಯೂ ಒಂದೇ ಬೆಡಗು. ಒಂದೇ ಬೆಡಗಾದರೆ ಏನೆಂದು ಎಲ್ಲರಿಗೂ ಗೊತ್ತು. ಎಲ್ಲರಿಗಿಂತ ಕೊನೆಗೆ ಅರ್ಥವಾದದ್ದು ಕೆಂಚನಿಗೆ. ಟವಲಿನೊಳಗಿನ ಕೈ ಮತ್ತೆ ಮೊದಲಿನಂತೆ ಸಿಡಿಯತೊಡಗಿತು.

"ಮುರುಗೋಡಿಗೆ ಬೆನ್ನಿನ ರೆಕ್ಕೆ ಉದ್ದಕ್ಕಿರ್ತದೆ" ಎಂದಳು ರಂಗಿ. ಧ್ವನಿ ನಡುಗುತ್ತಿತ್ತು, ಆದರೂ ಬಿಡಲಿಲ್ಲ. "ಕತ್ತಿನಿಂದ ಬಾಲದಗಂಟ. ಇದ್ರದ್ದು ನೋಡಿ, ಬೆನ್ನ ಮ್ಯಾಲೆ ಒಂದು ಉಗುರಿನಷ್ಟಿದೆ. ಮುರುಗೋಡಿನ ತಲೆ ಅಗಲ, ಮ್ಯಾಲೆ ತಟ್ಟಿದಂಗೆ ಚಪ್ಪಟೆ. ಇದ್ರ ತಲೆ ಸಣ್ಣ."

"ನೀನು ಯೋಳ್ತಿರೋದು ಕೆಸರುಮೀನು ಕಣವ್ವ" ಎಂದ ಕೆಂಪಯ್ಯ, ಮಗುವಿಗೆ ತಿದ್ದಿ ಹೇಳುವವನ ಹಾಗೆ.

"ಯಾವುದನ್ನ ನೀವು ಕೆಸರುಮೀನು ಅಂತೀರಿ?"

ಜವರಮ್ಮ ಒಳಗೆ ಹೋಗಿ ಇನ್ನೊಂದು ಮಡಕೆ ತಂದಿಟ್ಟಳು. ಬೀಗರಿಗೆ ಕೋಳಿ ಕುಯ್ದಿದ್ದರೂ, ಕೆಂಪಯ್ಯನಿಗೆಂದು ರಾತ್ರಿಯ ಸಾರಿಗೆ ಒಂದು ಕೆಸರುಮೀನು ಜೀವಂತ ಇಟ್ಟಿದ್ದಳು. ಎರಡನ್ನೂ ಅಗಲವಾದ ಹಿತ್ತಾಳೆ ತಟ್ಟೆಗೆ ಸುರಿದರು. ಎರಡೂ ಕಪ್ಪು, ಎರಡಕ್ಕೂ ಹುರುಪೆಯಿಲ್ಲ, ಎರಡೂ ನುಣುಪು. ಆದರೆ ಒಂದರ ಬೆನ್ನಿನ ಮೇಲೆ ರೆಕ್ಕೆ ಬಾಚಣಿಗೆಯ ಹಾಗೆ ಉದ್ದಕ್ಕೂ ಎದ್ದು ನಿಂತಿತ್ತು. ಇನ್ನೊಂದರ ಬೆನ್ನು ಬೋಳು.

"ಮುರುಗೋಡು" ಎಂದಳು ರಂಗಿ, ಕೆಸರುಮೀನಿನ ಕಡೆ ಬೆರಳು ಮಾಡಿ. "ಅವತ್ತು ನೀವು ಬಂದಾಗ ಇತ್ಲಲ್ಲಿ ಇದೇ ಇತ್ತು. ನಿಮ್ದು ಮುರುಗೋಡು ಬೆಡಗು ಅಂತ ನಾವು ಮೊದ್ಲೇ ಕೇಳ್ಕೊಂಡಿದ್ವಿ. ನಿಮ್ಮ ದ್ಯಾವ್ರು ನಿಮ್ಮ ಕಣ್ಣಿಗೆ ಬೀಳ್ಬಾರ್ದು ಅಂತ ನಮ್ಮವ್ವ ಓಡೋಗಿ ಗೋಣಿ ಮುಚ್ಚುದ್ಲು."

ಕೆಂಪಯ್ಯ ಮೀಸೆ ಎಣಿಸಲು ಕೂತ. ಎಣಿಸಿ ಎದ್ದು, "ಅದಕ್ಕೂ ಎಂಟು, ಇದಕ್ಕೂ ಎಂಟು. ಎರಡೂ ಒಂದೇ ಮೀನು. ಒಂದಕ್ಕೆ ವಯಸ್ಸಾಗ್ಬುಟ್ಟದೆ, ಬೆನ್ನ ಮ್ಯಾಲಿನ ರೆಕ್ಕೆ ಉದುರೋಗ್ಬುಟ್ಟದೆ" ಎಂದು ಘೋಷಿಸಿದ.

"ನಿಂಗೂ ಮೀಸೆ ಅದೆ, ಬೀಗರ್ಗೂ ಮೀಸೆ ಅದೆ. ಒಡಹುಟ್ಟಿದೋರಾ?" ಎಂದಳು ಜವರಮ್ಮ.

ಇಷ್ಟರಲ್ಲಿ ಮೀನುಗಾರಿಕೆ ಇಲಾಖೆಯ ಬಸವರಾಜು ಸೈಕಲ್ ತಳ್ಳಿಕೊಂಡು ಬಂದರು. ಅಣೆಕಟ್ಟೆ ತುಂಬುವ ಮುಂಚೆ ಹೊಳೆಯಲ್ಲಿ ಯಾವ ಯಾವ ಮೀನಿದೆ ಎಂದು ನೋಡಲು ವಾರಕ್ಕೊಮ್ಮೆ ಬರುತ್ತಿದ್ದ ಸಾಧು ಮನುಷ್ಯ. ಇವತ್ತು ಅವರ ವಾರ. ಅವರನ್ನೂ ಚಾಪೆಯ ಮೇಲೆ ಕೂರಿಸಿ, ತಟ್ಟೆಯನ್ನು ಮುಂದಕ್ಕೆ ತಳ್ಳಿದರು. ಅವರು ಕನ್ನಡಕ ಹಾಕಿಕೊಂಡು, ಒಂದು ಕಡ್ಡಿಯಿಂದ ರೆಕ್ಕೆ ಎತ್ತಿ, ಬಾಯಿ ತೆರೆದು, ಹೊಟ್ಟೆ ತಿರುಗಿಸಿ ನೋಡಿದರು.

"ಇದು ಕ್ಲೇರಿಯಸ್. ಇದು ಹೆಟಿರೊನ್ಯೂಸ್ಟಿಸ್" ಎಂದರು.

"ಇವಕ್ಕೆ ಸಂಬಂಧ ನಡೀತದಾ ಸ್ವಾಮಿ?" ಎಂದು ಚಲುವಯ್ಯ ಕೇಳಿದ.

"ಎರಡೂ ಬೇರೆ ಬೇರೆ ಕುಟುಂಬ. ಎರಡೂ ನೀರಿನ ಮೇಲೆ ಬಂದು ಗಾಳಿ ತಗೊಳ್ತವೆ, ಅದಕ್ಕೆ ಒಂದೇ ಅನ್ನಿಸುತ್ತೆ. ಆದರೆ ಒಳಗೆ ಬೇರೆ. ಈ ಅಗಲ ತಲೆಯದಕ್ಕೆ ಕಿವಿರಿನ ಮೇಲೆ ಗಿಡದ ಹಾಗೆ ಕವಲೊಡೆದ ಒಂದು ಅಂಗ ಇದೆ, ಅದರಲ್ಲಿ ಉಸಿರಾಡುತ್ತೆ. ಇನ್ನೊಂದಕ್ಕೆ ಬೆನ್ನುಮೂಳೆ ಪಕ್ಕದಲ್ಲಿ ಉದ್ದಕ್ಕೆ ಎರಡು ಗಾಳಿಚೀಲ. ವಿಷದ ಮುಳ್ಳು ಇರೋದು ಇದಕ್ಕೆ" ಎಂದು ಕೆಂಚನ ಟವಲಿನ ಕಡೆ ನೋಡಿದರು. "ಗೊತ್ತಾಗಿರಬೇಕು."

"ಮುರುಗೋಡು ಅಂದ್ರೆ ಯಾವ್ದು ಸ್ವಾಮಿ?" ಎಂದ ಕೆಂಚ. ಬೆಳಗಿನಿಂದ ಅವನಾಡಿದ ಮೊದಲ ಮಾತು ಅದು.

"ಹುಣಸೂರು, ಪಿರಿಯಾಪಟ್ಟಣ, ಚುಂಚನಕಟ್ಟೆ, ನಾನು ಓಡಾಡೋ ಕಡೆ ಎಲ್ಲಾ ಅಗಲ ತಲೆಯದಕ್ಕೇ ಅನ್ನೋದು."

"ಅಂಗಾರೆ ನಮ್ಮ ದ್ಯಾವ್ರು ಇವೆರಡರಲ್ಲಿ ಯಾವ್ದು?" ಎಂದು ಕೆಂಪಯ್ಯ ಗುಡುಗಿದ.

ಬಸವರಾಜು ಕನ್ನಡಕ ತೆಗೆದು ಒರೆಸಿಕೊಂಡರು. "ಅದು ಇಲಾಖೆ ವ್ಯಾಪ್ತಿಗೆ ಬರಲ್ಲ ಯಜಮಾನರೆ" ಎಂದು, ಎರಡೂ ಮೀನಿನ ಉದ್ದ ಅಳೆದುಕೊಂಡು, ಪಾನಕ ಕುಡಿದು ಹೊರಟುಹೋದರು.

ಚಲುವಯ್ಯ ಸಾವಧಾನದ ಮನುಷ್ಯ. ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದ. "ಬೀಗರೆ, ಬ್ಯಾಸರ ಮಾಡ್ಕೋಬೇಡಿ. ನೀವು ಕಣ್ಣಿಗೊತ್ಕೊಳ್ಳೋ ಮೀನೇ ನಿಮ್ಮ ದ್ಯಾವ್ರು ಅನ್ನೋದಾದ್ರೆ, ನಮ್ಮ ಕೂಸು ನಿಮ್ಮ ಮನೆ ಮಗಳು, ಕರ್ಕೊಂಡೋಯ್ತೀವಿ. ಮುರುಗೋಡೇ ನಿಮ್ಮ ದ್ಯಾವ್ರು ಅನ್ನೋದಾದ್ರೆ, ಸಂಬಂಧಕ್ಕೆ ಅಡ್ಡಿಯಿಲ್ಲ. ಆದ್ರೆ ಆಗ ನೀವು ದ್ಯಾವ್ರನ್ನ..."

"ತಿಂದಿದ್ದೀವಿ" ಎಂದು ಜವರಮ್ಮ ಮುಗಿಸಿಕೊಟ್ಟಳು.

"ಬಾಯ್ ಮುಚ್ಚು!" ಕೆಂಪಯ್ಯ ಎದ್ದು ನಿಂತ. "ನಮ್ಮಪ್ಪ ನಂಗೆ ತೋರ್ಸಿದ್ದು ಇದು, ಅವನಿಗೆ ಅವರಪ್ಪ ತೋರ್ಸಿದ್ದು ಇದು. ಇದೇ ದ್ಯಾವ್ರು. ಹೆಸರು ಏನಾದ್ರೂ ಇರ್ಲಿ. ಜವರೀ, ರವಿಕೆ ಕಣ ತತ್ತಾ. ಮನೆಮಗಳಿಗೆ ಮಡ್ಲಕ್ಕಿ ಕಟ್ಟು. ಕೆಂಚ, ನಿನ್ ತಂಗಿಗೆ ನೀನೇ ಕುಂಕುಮ ಕೊಡು."

"ನಾನ್ ಕೊಡಾಕಿಲ್ಲ" ಎಂದ ಕೆಂಚ. ಊದಿದ ಕೈ ಟವಲಿನಿಂದ ಆಚೆ ಬಂದಿತ್ತು. "ಇವಳ್ನ ತಂಗಿ ಅಂತ ನನ್ ಬಾಯಲ್ಲಿ ಬರಾಕಿಲ್ಲ ದೊಡ್ಡಪ್ಪ. ಇವಳೇ ಎಂಡ್ತಿ ಅಂತ ಮನಸ್ಸಿಗೆ ಬಂದ್ಬುಟ್ಟದೆ. ಈಗ ಎಂಗೆ ತೆಗೀಲಿ?"

ಕೇರಿಯ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡರು. ರಂಗಿ ತಲೆ ತಗ್ಗಿಸಿ ನಿಂತಳು. ಅವಳ ಕಣ್ಣಿಂದ ನೀರು ತೊಟ್ಟಿಕ್ಕಿ ತಟ್ಟೆಯ ಅಂಚಿಗೆ ಬೀಳುತ್ತಿತ್ತು.

ಕೆಂಪಯ್ಯನ ಸಿಟ್ಟು ನೆತ್ತಿಗೇರಿತು. "ಸರಿ! ನನ್ನ ಮಾತು ನಂಬಬ್ಯಾಡಿ. ಕಲ್ಲು ಅದೆಯಲ್ಲ? ನಮ್ಮ ಪೂರ್ವೀಕರು ದ್ಯಾವ್ರನ್ನ ಕಲ್ಲಲ್ಲಿ ಕೆತ್ಸವ್ರೆ. ಬನ್ನಿ, ಅಲ್ಲೇ ನೋಡ್ಕೊಳಿ, ಬೆನ್ನು ಬೋಳೋ ರೆಕ್ಕೆಯೋ ಅಂತ!"

ಹೊಂಗೆಮರದ ಬುಡದಲ್ಲಿ ಆ ಕಲ್ಲಿತ್ತು. ಅದರಲ್ಲಿ ಮೀನು ಕೆತ್ತಿದೆ ಎಂಬುದು ಎಲ್ಲರಿಗೂ ಗೊತ್ತು. ಆ ಮೀನನ್ನು ಕಂಡವರು ಮಾತ್ರ ಈಗ ಬದುಕಿರುವವರಲ್ಲಿ ಯಾರೂ ಇರಲಿಲ್ಲ. ತಲೆತಲಾಂತರದಿಂದ ಹಬ್ಬಕ್ಕೊಂದು ಸಲ ಎಣ್ಣೆ, ಅರಿಸಿನ, ಕುಂಕುಮ ಬಳಿದೂ ಬಳಿದೂ ಅದು ಒಂದು ಕರಿಯ ಉಂಡೆಯಾಗಿ ಹೋಗಿತ್ತು. ಭಕ್ತಿ ಹೆಚ್ಚಾದಷ್ಟೂ ದೇವರು ಕಾಣದಂತಾಗಿದ್ದ. ಜವರಮ್ಮ ಸೀರೆ ಎತ್ತಿ ಕಟ್ಟಿ, ಬಿಸಿನೀರು ಹುಯ್ದು, ಸೀಗೆಪುಡಿ ಹಾಕಿ, ತೆಂಗಿನ ನಾರಿನಿಂದ ಉಜ್ಜತೊಡಗಿದಳು. ಎಣ್ಣೆಯ ಜಿಡ್ಡು ಪದರ ಪದರವಾಗಿ ಎದ್ದು ಬಂತು. ಮೊದಲು ತಲೆ ಕಾಣಿಸಿತು: ಅಗಲ, ಚಪ್ಪಟೆ. ಆಮೇಲೆ ಮೀಸೆ. ಆಮೇಲೆ ಬೆನ್ನು.

ಕೆತ್ತಿದ ಕಲ್ಲುಕುಟಿಗ ಕೆಲಸಗಳ್ಳನಲ್ಲ. ಕತ್ತಿನಿಂದ ಬಾಲದವರೆಗೆ ರೆಕ್ಕೆಯ ಒಂದೊಂದು ಕಡ್ಡಿಯನ್ನೂ ಬಿಡದೆ ಗೀರಿದ್ದ. ಜವರಮ್ಮ ಕೊನೆಯ ಚೊಂಬು ನೀರು ಹುಯ್ದು ಪಕ್ಕಕ್ಕೆ ಸರಿದಳು.

ಇನ್ನು ತೀರ್ಮಾನ ಹೇಳುವುದೊಂದೇ ಬಾಕಿ. ಹೇಳಬೇಕಾದವನು ಮನೆಯ ಹಿರಿಯ. ಅವನು ಹೊಂಗೆಯ ಬೇರಿನ ಮೇಲೆ ಕುಸಿದು ಕೂತಿದ್ದ. ಬಿಸಿಲು ಏರಿತು. ಕರೆದರೆ ಕೇಳಿಸದವನ ಹಾಗೆ ಕಲ್ಲನ್ನೇ ನೋಡುತ್ತಿದ್ದ.

ಕೆಂಚನಿಗೆ ಮೈಯೆಲ್ಲ ಉರಿಯಿತು. ಈ ಮುದುಕನಿಗೆ ಸಾರಿನ ಚಿಂತೆ, ಅಷ್ಟೇ. ಹೂಂ ಎಂದರೆ ಇನ್ನು ಮೇಲೆ ಕೆಸರುಮೀನು ಮುಟ್ಟುವಂತಿಲ್ಲ. ಒಂದು ತಟ್ಟೆ ಸಾರಿಗೆ ನನ್ನ ಬಾಳು ಹಾಳುಮಾಡುತ್ತಿದ್ದಾನೆ ಎಂದುಕೊಂಡು, ಕೇಳಿಯೇ ಬಿಡುತ್ತೇನೆ ಎಂದು ಪಕ್ಕಕ್ಕೆ ಹೋಗಿ ಕುಕ್ಕರುಗಾಲಲ್ಲಿ ಕೂತ.

"ಒಂದು ಮೀನ್ ತಿನ್ನೋದು ಬುಡಾಕಾಗಾಕಿಲ್ವ ದೊಡ್ಡಪ್ಪ?"

"ಮೀನ್ ಮನೆ ಆಳಾಗ" ಎಂದ ಕೆಂಪಯ್ಯ ಮೆಲ್ಲಗೆ. "ನಾನು ಹೂಂ ಅಂದ್ರೆ ಚಾಮುಂಡೀನ ಅಂತಾರೆ ಕಣ್ಲಾ. ದ್ಯಾವ್ರನ್ನ ಬೇಯ್ಸಿ ಬೇಯ್ಸಿ ಇಕ್ಕಿದ್ಲು, ಅದಕ್ಕೇ ಬಸುರು ನಿಲ್ನಿಲ್ಲ, ಅದಕ್ಕೇ ಅಂಗೆ ನರಳಿ ಸತ್ಲು ಅಂತಾರೆ. ಬದುಕಿರಗಂಟ ಬಂಜೆ ಅನ್ನಿಸ್ಕೊಂಡ್ಲು. ಈಗ ಇದನ್ನೂ ಅನ್ನಿಸ್ಲಾ?"

ಕೆಂಚನ ಸಿಟ್ಟು ಎಲ್ಲಿ ಹೋಯಿತೋ. ಚಾಮುಂಡಮ್ಮನ ಸೊಂಟದ ಎಲುಬು ತನ್ನ ತೊಡೆಗೆ ಒತ್ತುತ್ತಿದ್ದದ್ದು, ಮೀನಿನ ಮುಳ್ಳು ಬಿಡಿಸಿ ಬಾಯಿಗಿಡುತ್ತಿದ್ದದ್ದು ನೆನಪಾಯಿತು. ರಂಗಿಯ ಕಡೆ ನೋಡಿದ. ನೋಡಿದರೆ ಆಗುವುದಿಲ್ಲ ಎಂದು ಮುಖ ತಿರುಗಿಸಿಕೊಂಡ.

"ಅಂಗಾರೆ ಬ್ಯಾಡ ಬುಡು ದೊಡ್ಡಪ್ಪ" ಎಂದ. ಎದ್ದು ತಾಯಿಯ ಹತ್ತಿರ ಹೋದ. "ಅವ್ವಾ, ಕುಂಕುಮದ ಬಟ್ಲು ತತ್ತಾ. ನಾನೇ ಕೊಡ್ತೀನಿ."

ಜವರಮ್ಮ ಅವನ ಮುಖ ನೋಡಿದಳು. ಅಲುಗಲಿಲ್ಲ.

"ನಿಂತ್ಕೊಳ್ಲಾ" ಎಂದು ಹಿಂದಿನಿಂದ ಕೂಗು ಬಂತು. ಕೆಂಪಯ್ಯ ಬೇರು ಹಿಡಿದು ಎದ್ದ. ಕೇರಿಯವರು, ಬೀಗರು ಎಲ್ಲರೂ ಕೇಳುವ ಹಾಗೆ, ಸಂತೆಯಲ್ಲಿ ಮೀನು ಕೂಗುವ ಗಂಟಲಿನಲ್ಲಿ ಹೇಳಿದ:

"ಕೇಳ್ರಪ್ಪಾ. ನನ್ನ ಮದ್ವೆ ಒತ್ಗೆ ನಮ್ಮಪ್ಪ ಇರ್ನಿಲ್ಲ, ಚಾಮುಂಡಿಗೆ ಮೀನು ಇಡ್ಕೊಂಡ್ಬಂದು ತೋರ್ಸ್ದೋನು ನಾನು. ಅವಳು ಕಂಡೆ ಅಂದ್ಲು. ಕಂಡಿದ್ದನ್ನ ಸಾಯಗಂಟ ಕುಯ್ನಿಲ್ಲ, ಬೇಯ್ಸ್ನಿಲ್ಲ, ತಿನ್ನಿಲ್ಲ. ಒಂದ್ ದಿನಾನೂ ಮಾತು ತಪ್ಪಿದೋಳಲ್ಲ. ತಪ್ಪು ಮೀನು ತೋರ್ಸ್ದೋನು ನಾನು. ದ್ಯಾವ್ರನ್ನ ತಂದು ಕುಯ್ಯಿ ಅಂದೋನು ನಾನು, ತಿಂದೋನೂ ನಾನು. ಯಾರಾದ್ರೂ ಏನಾದ್ರೂ ಅನ್ನೋದಿದ್ರೆ ನನ್ನ ಅನ್ನಿ. ಅವಳ ಎಸ್ರು ಎತ್ತಿದ್ರೆ ನಾಲ್ಗೆ ಕಿತ್ತಾಕ್ತೀನಿ."

ಉಸಿರು ಎಳೆದುಕೊಂಡ.

"ರುಚಿಯಾಗಿತ್ತು. ಸುಳ್ಳು ಯಾಕೆ ಯೋಳ್ಲಿ."

ಯಾರೂ ನಗಲಿಲ್ಲ. ಕೆಂಪಯ್ಯ ಅಂಗಳಕ್ಕೆ ಹೋಗಿ, ಚೇಳುಮೀನನ್ನು ಮಡಕೆಗೆ ಜಾರಿಸಿ, ಕೆಸರುಮೀನು ಉಳಿದ ತಟ್ಟೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬಂದ. ನೀರು ತುಳುಕಿ ಅವನ ಪಂಚೆ ಒದ್ದೆಯಾಯಿತು. ರಂಗಿಯ ಮುಂದೆ ಹಿಡಿದ.

"ನೋಡವ್ವ. ಇದು ನಮ್ದು. ಕುಯ್ಯಂಗಿಲ್ಲ, ಬೇಯ್ಸಂಗಿಲ್ಲ," ಇಲ್ಲಿ ಸ್ವಲ್ಪ ನಿಂತ, "ತಿನ್ನಂಗಿಲ್ಲ."

ರಂಗಿ ತಲೆಯಿಂದ ಬಾಲದವರೆಗೆ ನೋಡಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಕಂಡೆ ದೊಡ್ಡಮಾವ" ಎಂದಳು. "ದೊಡ್ಡತ್ತೆ ಕಂಡಿದ್ದನ್ನೂ ಬೇಯ್ಸಾಕಿಲ್ಲ."

ಕೆಂಚ ಓಡಿಬಂದು ಊದಿದ ಕೈಯನ್ನೂ ಸೇರಿಸಿ ತಟ್ಟೆಯನ್ನು ಇಸಿದುಕೊಂಡ. ಮುದುಕ ಹೆಗಲ ಮೇಲಿನ ವಸ್ತ್ರದಿಂದ ಕಣ್ಣು, ಮೂಗು, ಇಡೀ ಮುಖ ಒರೆಸಿಕೊಂಡು, ವೀಳ್ಯದ ತಟ್ಟೆಯನ್ನು ಎಲ್ಲಿಟ್ಟಿದ್ದೀರಿ, ಬೀಗರನ್ನು ಎಷ್ಟು ಹೊತ್ತು ಬಿಸಿಲಲ್ಲಿ ನಿಲ್ಲಿಸುತ್ತೀರಿ ಎಂದು ಎಲ್ಲರನ್ನೂ ಗದರಿದ.